60 ಎಕರೆಯಲ್ಲಿ ಗಾಲ್ಫ್ ಮೈದಾನ: ಕೈ ಸುಟ್ಟುಕೊಳ್ಳದೆ ಮಾಡೋದು ಹೇಗೆ?

ಪ್ರಶ್ನೆ: ಸರ್, ನಾವು ನಾಲ್ವರು ಸ್ನೇಹಿತರು. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೇ 60 ಎಕರೆ ಒಂದೇ ಕಡೆ ಇದೆ. ಸ್ವಲ್ಪ ಹುಣಸೆ, ಬೇವು, ಒಂದು ಮೂಲೆಯಲ್ಲಿ ಬಂಡೆ, ಮಿಕ್ಕಿದ್ದೆಲ್ಲ ಕೆಂಪು ಮಣ್ಣಿನ ಬೀಳು. ಎರಡು ಬೋರ್‌ವೆಲ್ ಇವೆ, ಬೇಸಿಗೆಯಲ್ಲಿ ಒಂದು ಕೈ ಕೊಡುತ್ತದೆ. ಸಾಮಾನ್ಯ ಜನರೂ ಬಂದು ಆಡುವಂಥ ಗಾಲ್ಫ್ ಮೈದಾನ ಮಾಡಬೇಕು ಅಂತ ಆಸೆ. ಸಲಹೆಗಾರರೊಬ್ಬರು 18 ಹೋಲ್, ದೊಡ್ಡ ಕ್ಲಬ್‌ಹೌಸ್, ಸುತ್ತ ವಿಲ್ಲಾ ಅಂತ ಯೋಜನೆ ಕೊಟ್ಟಿದ್ದಾರೆ. ಸದಸ್ಯರಿಂದ ಮೊದಲೇ ಠೇವಣಿ ತಗೊಂಡರೆ ದುಡ್ಡು ಹೊಂದುತ್ತೆ ಅಂತಾರೆ. ಇದು ನಡೆಯುತ್ತಾ? ಕಡಿಮೆ ಖರ್ಚಿನಲ್ಲಿ ಮಾಡಿ, ಆಮೇಲೂ ನಷ್ಟವಿಲ್ಲದೆ ನಡೆಸೋಕೆ ದಾರಿ ಇದೆಯಾ?

ಉತ್ತರ: ದಾರಿ ಇದೆ. ಆದರೆ 60 ಎಕರೆಯಲ್ಲಿ 18 ಹೋಲ್, ಅದರ ಸುತ್ತ ವಿಲ್ಲಾ ಅಂತ ಬರೆದ ನಕ್ಷೆಯನ್ನು ಮೊದಲು ಮಡಚಿ ಪಕ್ಕಕ್ಕಿಡಿ. ಹೋಲ್ ಅಂದರೆ ಆಟ ಶುರು ಮಾಡುವ ಜಾಗದಿಂದ ಚೆಂಡು ಬೀಳಿಸುವ ಕುಳಿಯವರೆಗಿನ ಒಂದು ಪಟ್ಟಿ. ಈಗಿನ ಕಾಲದ 18 ಹೋಲಿನ ಮೈದಾನಕ್ಕೆ ಸಾಮಾನ್ಯವಾಗಿ 120ರಿಂದ 180 ಎಕರೆ ಬೇಕು. ಬೆಂಗಳೂರು ಗಾಲ್ಫ್ ಕ್ಲಬ್ 60 ಎಕರೆ ಆಸುಪಾಸಿನಲ್ಲೇ 18 ಹೋಲ್ ಇಟ್ಟುಕೊಂಡಿದೆ, ನಿಜ. ಅದು 1876ರಲ್ಲಿ ಶುರುವಾದ ಕ್ಲಬ್. ಆಗ ಚೆಂಡು ಇಷ್ಟು ದೂರ ಹಾರುತ್ತಿರಲಿಲ್ಲ. ಇವತ್ತು ಗಟ್ಟಿಮುಟ್ಟಾದ ಹುಡುಗ ಡ್ರೈವರ್ ಅನ್ನುವ ಉದ್ದ ಹೊಡೆತದ ಕೋಲು ಬೀಸಿದರೆ ಚೆಂಡು 250 ಗಜ ಹೋಗುತ್ತೆ, ಅದೂ ಎಲ್ಲ ಸಲ ನೇರವಾಗಿ ಅಲ್ಲ. ಅಡ್ಡಾದಿಡ್ಡಿ ಹೋಗುವ ಆ ಚೆಂಡಿಗೆ ಜಾಗ ಬಿಡಲೇಬೇಕು. ಬಿಡದೆ ಮನೆ ಕಟ್ಟಿದರೆ ಮೊದಲು ಕಿಟಕಿ ಗಾಜು, ಆಮೇಲೆ ಪೊಲೀಸ್ ದೂರು, ಕೊನೆಗೆ ಎತ್ತರದ ಬಲೆ. ಆ ಬಲೆಯ ಖರ್ಚನ್ನು ಯೋಜನಾ ವರದಿಯಲ್ಲಿ ಯಾರೂ ಬರೆಯಲ್ಲ.

ನಿಮ್ಮ ಜಾಗಕ್ಕೆ ಒಪ್ಪುವುದು 9 ಹೋಲ್, ಜೊತೆಗೆ ಒಂದು ಡ್ರೈವಿಂಗ್ ರೇಂಜ್, ಅಂದರೆ ಒಂದೇ ಕಡೆ ನಿಂತು ಬುಟ್ಟಿಗಟ್ಟಲೆ ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲು. ಅದಕ್ಕೆ ಕಾರಣ ಜಾಗ ಮಾತ್ರ ಅಲ್ಲ.

ಗಾಲ್ಫ್ ಮೈದಾನ ಮಾಡಲು ಹೊರಟವರೆಲ್ಲ "ಕಟ್ಟೋಕೆ ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ಮುಚ್ಚಿ ಹೋದ ಮೈದಾನಗಳನ್ನು ನೋಡಿದರೆ ಅವು ಸೋತಿದ್ದು ಕಟ್ಟುವಾಗ ಅಲ್ಲ, ನಡೆಸುವಾಗ. ಹುಲ್ಲು ಹಸು ಸಾಕಿದ ಹಾಗೆ. ದಿನಾ ನೀರು, ದಿನಾ ಆರೈಕೆ, ಭಾನುವಾರ ರಜೆ ಇಲ್ಲ, ಆಟಗಾರರು ಬರಲಿ ಬಿಡಲಿ. ಆದ್ದರಿಂದ ಲೆಕ್ಕವನ್ನು ತಿರುಗಿಸಿ ಹಾಕಿ. ತಿಂಗಳಿಗೆ ಎಷ್ಟು ದುಡ್ಡು ಖಂಡಿತ ಬರುತ್ತೆ? ಆ ದುಡ್ಡಿನಲ್ಲಿ ಎಷ್ಟು ಎಕರೆ ಹುಲ್ಲನ್ನು ಚೆನ್ನಾಗಿ ನೋಡಿಕೊಳ್ಳಬಹುದು? ಅಷ್ಟು ಹುಲ್ಲಿಗೆ ತಕ್ಕ ಮೈದಾನ ಬರೆಸಿ. ನಕ್ಷೆ ಮೊದಲು, ಹುಲ್ಲಿನ ಖರ್ಚು ಆಮೇಲೆ ಅಂತ ಹೋದರೆ ಎರಡನೇ ವರ್ಷಕ್ಕೇ ಕೈ ಸುಡುತ್ತೆ.

ನೀರಿನಿಂದ ಶುರು ಮಾಡೋಣ. ನಿಮ್ಮ ಕಡೆ ಎಲ್ಲವನ್ನೂ ತೀರ್ಮಾನ ಮಾಡೋದು ಅದೇ.

ಬಿಸಿಲು ಕಾಲದಲ್ಲಿ ಗಾಲ್ಫ್ ಹುಲ್ಲು ದಿನಕ್ಕೆ ಸುಮಾರು ಮೂರೂವರೆ ಮಿಲಿಮೀಟರ್ ನೀರು ಕುಡಿಯುತ್ತೆ ಅಂತ ಇಟ್ಟುಕೊಳ್ಳಿ. ಅಂದರೆ ಎಕರೆಗೆ ದಿನಕ್ಕೆ 14,000 ಲೀಟರ್. ಸಲಹೆಗಾರರ ಯೋಜನೆಯಂತೆ 40 ಎಕರೆ ಹಸಿರಾಗಿ ಇಟ್ಟರೆ ದಿನಕ್ಕೆ ಐದೂವರೆ ಲಕ್ಷ ಲೀಟರ್ ದಾಟುತ್ತೆ. ಬೇಸಿಗೆಯಲ್ಲಿ ಒಂದು ಬೋರ್ ಕೈ ಕೊಡುವ ಜಾಗದಲ್ಲಿ ಇದು ಆಗದ ಮಾತು. ಆದರೂ ಎಳೆದರೆ ಸುತ್ತಲಿನ ತೆಂಗು, ಅಡಿಕೆ ಬೆಳೆಗಾರರ ಕೊಳವೆಬಾವಿಗಳು ಬತ್ತುತ್ತವೆ. ಊರಿನವರು ಗೇಟಿನ ಮುಂದೆ ಬಂದು ನಿಂತರೆ ಅವರದ್ದು ತಪ್ಪಲ್ಲ.

ಈಗ ಚಿಕ್ಕ ಲೆಕ್ಕ ನೋಡಿ. ಒಂದು ಗ್ರೀನ್, ಅಂದರೆ ಕೊನೆಯಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ನುಣುಪು ಜಾಗ, 4,500 ಚದರಡಿ ಇರಲಿ. ಒಂಬತ್ತು ಗ್ರೀನ್ ಸೇರಿ ಒಂದು ಎಕರೆ ಆಗಲ್ಲ. ಆಟ ಶುರು ಮಾಡುವ ಟೀಗಳು ಎಲ್ಲ ಸೇರಿ ಮುಕ್ಕಾಲು ಎಕರೆ. ಅಭ್ಯಾಸದ ಗ್ರೀನ್, ಗ್ರೀನ್‌ಗಳ ಮುಂದಿನ ಅಂಗಳ, ಚೆಂಡು ಹೆಚ್ಚಾಗಿ ಬೀಳುವ ಜಾಗಗಳು ಸೇರಿಸಿದರೂ ಆರು ಎಕರೆಯಲ್ಲಿ ಮುಗಿಯುತ್ತೆ. ಆರು ಎಕರೆಗೆ ದಿನಕ್ಕೆ ಸುಮಾರು 85,000 ಲೀಟರ್. ವರ್ಷದಲ್ಲಿ 200 ದಿನ ನೀರು ಕೊಡಬೇಕು ಅಂದರೆ 1.7 ಕೋಟಿ ಲೀಟರ್.

ಇದು ಎಲ್ಲಿಂದ ಬರುತ್ತೆ? ನಿಮ್ಮ ಮೇಲೆ ಬೀಳುವ ಮಳೆಯಿಂದಲೇ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ 60 ಎಕರೆ ಮೇಲೆ ಬೀಳುವ ನೀರು 14 ಕೋಟಿ ಲೀಟರಿಗೂ ಜಾಸ್ತಿ. ಅದರಲ್ಲಿ ನೂರಕ್ಕೆ ಹದಿನೈದು ಪಾಲು ಹರಿದು ಹೊಂಡಕ್ಕೆ ಬಂದರೂ 2.2 ಕೋಟಿ. ಹೊಂಡದಿಂದ ಬಿಸಿಲಿಗೆ ಆರಿ ಹೋಗುವುದನ್ನು ಕಳೆದರೆ ಹೆಚ್ಚುಕಮ್ಮಿ ಸರಿಹೋಗುತ್ತೆ. ಹೊಂಡವನ್ನು ಅಗಲ ಮಾಡುವ ಬದಲು ಆಳ ಮಾಡಿ. ಕೃಷಿ ಹೊಂಡಕ್ಕೆ ಹಾಸುವಂಥ ದಪ್ಪ ಶೀಟ್ ಹಾಸಿ, ಇಲ್ಲದಿದ್ದರೆ ಕೆಂಪು ಮಣ್ಣು ಒಂದೇ ತಿಂಗಳಲ್ಲಿ ಕುಡಿದುಬಿಡುತ್ತೆ. ಮಳೆ ಕೈ ಕೊಟ್ಟ ವರ್ಷಕ್ಕೆ ಮಾತ್ರ ಬೋರ್‌ವೆಲ್. ಟ್ಯಾಂಕರ್ ನೀರಿನ ಯೋಚನೆ ಬೇಡ. ದಿನಕ್ಕೆ 12,000 ಲೀಟರಿನ ಏಳು ಟ್ಯಾಂಕರ್ ಆಗುತ್ತೆ, ಲೆಕ್ಕ ಹಾಕಿದರೆ ನಿದ್ದೆ ಬರಲ್ಲ. ದೊಡ್ಡ ಊರಿನ ಪಕ್ಕದಲ್ಲಿದ್ದು ಶುದ್ಧೀಕರಿಸಿದ ಕೊಳಚೆ ನೀರು ಪೈಪಿನಲ್ಲೇ ಸಿಗುವ ಹಾಗಿದ್ದರೆ ಮಾತು ಬೇರೆ. ಅಂಥ ಕಡೆ ಉಪ್ಪಿನಂಶ ತಡೆಯುವ ಪಾಸ್ಪಲಂ ಹುಲ್ಲು ಹಾಕುತ್ತಾರೆ. ನಿಮಗೆ ಅದು ಬೇಡ.

ಮಿಕ್ಕ ಫೇರ್‌ವೇ, ಅಂದರೆ ಟೀಯಿಂದ ಗ್ರೀನ್ ತನಕದ ಕತ್ತರಿಸಿದ ಹುಲ್ಲಿನ ಹಾದಿ? ಅದು ಮಳೆ ನಂಬಿ ಬದುಕಲಿ. ಗಾಲ್ಫ್‌ನವರು ಬರ್ಮುಡಾ ಅಂತ ಕರೆಯುವ ಹುಲ್ಲು ಬೇರೇನೂ ಅಲ್ಲ, ನಾವು ಗಣಪತಿಗೆ ಇಡುವ ಗರಿಕೆ. ಬೇಸಿಗೆಯಲ್ಲಿ ಒಣಗಿ ಬೆಳ್ಳಗಾಗುತ್ತೆ, ಸತ್ತಿರಲ್ಲ. ಮೊದಲ ಎರಡು ಮಳೆಗೆ ಮತ್ತೆ ಚಿಗುರುತ್ತೆ. ನಿಮ್ಮ ಬೀಳಿನಲ್ಲಿ ಅದು ಈಗಾಗಲೇ ಇದ್ದೇ ಇರುತ್ತೆ. ಕಳೆ ತೆಗೆದು, ಗೊಬ್ಬರ ಕೊಟ್ಟು, ಒಂದೆರಡು ಮಳೆಗಾಲ ಕತ್ತರಿಸುತ್ತಾ ಬಂದರೆ ಫೇರ್‌ವೇ ತಾನಾಗಿ ಕೂಡುತ್ತೆ. "ಒಣಗಿದ ಮೈದಾನದಲ್ಲಿ ಯಾರು ಆಡ್ತಾರೆ?" ಅಂತ ಯಾರಾದರೂ ಮೂಗು ಮುರಿದರೆ 2006ರ ಬ್ರಿಟಿಷ್ ಓಪನ್ ನೆನಪಿಸಿ. ಇಂಗ್ಲೆಂಡಿನ ಹಾಯ್‌ಲೇಕ್‌ನಲ್ಲಿ ಆ ಬೇಸಿಗೆ ಮೈದಾನವೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನೆಲ ಗಟ್ಟಿಯಾಗಿ ಚೆಂಡು ಎಷ್ಟು ಉರುಳುತ್ತಿತ್ತು ಅಂದರೆ ಟೈಗರ್ ವುಡ್ಸ್ ಇಡೀ ಪಂದ್ಯದಲ್ಲಿ ಡ್ರೈವರ್ ಮುಟ್ಟಿದ್ದು ಒಂದೇ ಸಲ. ಗೆದ್ದಿದ್ದೂ ಅವರೇ. ಹಸಿರು ಇಷ್ಟಪಡೋದು ಟಿವಿ. ಆಟಕ್ಕೆ ಬೇಕಾದದ್ದು ಗಟ್ಟಿ ನೆಲ ಮತ್ತು ಒಳ್ಳೆ ಗ್ರೀನ್.

ಈಗ ಕಟ್ಟುವ ಖರ್ಚು. ಇದರಲ್ಲಿ ದುಡ್ಡು ನುಂಗುವುದು ಮೂರು: ಮಣ್ಣು ಎತ್ತಿ ಹಾಕೋದು, ಗ್ರೀನ್ ಕಟ್ಟೋದು, ಕ್ಲಬ್‌ಹೌಸ್.

ಮಣ್ಣಿನ ವಿಷಯಕ್ಕೆ ಅಮೆರಿಕದ ಎರಡು ಮೈದಾನ ನೋಡಿ. ಲಾಸ್ ವೇಗಸ್ ಮರುಭೂಮಿಯಲ್ಲಿ 1989ರಲ್ಲಿ ಶುರುವಾದ ಶ್ಯಾಡೋ ಕ್ರೀಕ್‌ನಲ್ಲಿ ಚಪ್ಪಟೆ ನೆಲ ಅಗೆದು ದಿಬ್ಬ, ಹಳ್ಳ, ಹೊಳೆ ಎಲ್ಲ ಹುಟ್ಟಿಸಿದರು. ಖರ್ಚು 4 ಕೋಟಿ ಡಾಲರಿಗೂ ಜಾಸ್ತಿ ಅಂತ ವರದಿಗಳು ಹೇಳುತ್ತವೆ. ಇನ್ನೊಂದು ನೆಬ್ರಾಸ್ಕಾದ ಸ್ಯಾಂಡ್ ಹಿಲ್ಸ್, 1995ರದ್ದು. ವಿನ್ಯಾಸಗಾರರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅಲ್ಲಿ ಮರಳು ದಿಬ್ಬಗಳ ನಡುವೆ ತಿರುಗಾಡಿ ಹೋಲ್‌ಗಳನ್ನು ಕಟ್ಟಲಿಲ್ಲ, ಹುಡುಕಿದರು. ಮಣ್ಣು ಕದಲಿಸಿದ್ದೇ ಇಲ್ಲ ಅನ್ನುವಷ್ಟು ಕಡಿಮೆ. ಗಾಲ್ಫ್ ಬಲ್ಲವರು ಅದನ್ನು ಜಗತ್ತಿನ ಅತ್ಯುತ್ತಮ ಮೈದಾನಗಳ ಸಾಲಿನಲ್ಲಿ ಇಡುತ್ತಾರೆ. ನಿಮ್ಮ ಜಾಗ ನೆಬ್ರಾಸ್ಕಾ ಅಲ್ಲ, ಒಪ್ಪಿದೆ. ಆದರೆ ಬಂಡೆ ಇರುವ ಆ ಮೂಲೆ ಇದೆಯಲ್ಲ, ಅದನ್ನು ಜೆಸಿಬಿ ತಂದು ಒಡೆಸಬೇಡಿ. ಬಂಡೆಯ ಮೇಲೆ ಟೀ, ಕೆಳಗೆ ಗ್ರೀನ್ ಇಟ್ಟರೆ ನಿಮ್ಮ ಮೈದಾನದ ಒಳ್ಳೆ ಹೋಲ್ ಪುಕ್ಕಟೆ ಸಿಕ್ಕಿತು. ಹುಣಸೆ ಮರಗಳೂ ಹಾಗೆಯೇ ಇರಲಿ, ಅವೇ ಆಟಗಾರನಿಗೆ ಅಡ್ಡಿ. ಗ್ರೀನ್ ಮೇಲೆ ಮಾತ್ರ ನೆರಳು ಬೀಳಬಾರದು. ಗರಿಕೆಗೆ ನೆರಳು ಆಗಿಬರಲ್ಲ.

ಗ್ರೀನ್ ವಿಷಯದಲ್ಲಿ ಮಾತ್ರ ಜಿಪುಣತನಕ್ಕೆ ಒಂದು ಮಿತಿ ಇದೆ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಹೇಳುವ ಪದ್ಧತಿಯಲ್ಲಿ ಕೆಳಗೆ ತೂತು ಪೈಪ್, ಅದರ ಮೇಲೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಹನ್ನೆರಡು ಇಂಚು ಆಯ್ದ ಮರಳಿನ ಮಿಶ್ರಣ. ಒಂದು ಗ್ರೀನಿಗೆ 4,500 ಘನ ಅಡಿ ಮರಳು. ಈಗಿನ ಮರಳಿನ ರೇಟಿನಲ್ಲಿ ಒಂಬತ್ತು ಗ್ರೀನಿಗೆ ಎಷ್ಟಾಯಿತು ನೀವೇ ನೋಡಿ. ಮಳೆ ಧೋ ಅಂತ ಸುರಿಯುವ ಮಲೆನಾಡಿನಲ್ಲಿ ಇದು ಬೇಕಾಗಬಹುದು. ನಿಮ್ಮ ಕಡೆ, ಮಣ್ಣು ನೀರು ಹಿಂಗಿಸುವಂಥದ್ದಾದರೆ, ಸುತ್ತಲಿನ ಮಣ್ಣನ್ನೇ ಎತ್ತರಕ್ಕೆ ತಳ್ಳಿ, ಮೇಲೆ ಐದಾರು ಇಂಚು ಮರಳು ಬೆರೆಸಿ, ಎರಡು ಕಡೆಗೆ ಇಳಿಜಾರು ಕೊಟ್ಟರೆ ಸಾಕು. ಹಳೆಯ ಮೈದಾನಗಳ ಗ್ರೀನ್ ಎಲ್ಲ ಆಗಿದ್ದು ಹೀಗೇ.

ಹಿಂಗಿಸುತ್ತದೋ ಇಲ್ಲವೋ ನೋಡೋಕೆ ಲ್ಯಾಬ್‌ಗಿಂತ ಮೊದಲು ಗುದ್ದಲಿ ಸಾಕು. ಗ್ರೀನ್ ಬರುವ ಜಾಗದಲ್ಲಿ ಎರಡಡಿ ಆಳದ ಗುಂಡಿ ತೆಗೆಯಿರಿ. ನೀರು ತುಂಬಿಸಿ, ಅದು ಹಿಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಎರಡನೇ ಸಲದ್ದೇ ಲೆಕ್ಕ. ಒಂದು ಕಡ್ಡಿಗೆ ಇಂಚಿನ ಗೆರೆ ಹಾಕಿ ನಿಲ್ಲಿಸಿ ನೋಡಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಪೈಪ್ ಹಾಕಲೇಬೇಕು. ಮರಳಿನ ಬದಲು ಎಂ-ಸ್ಯಾಂಡ್ ಬಳಸುವುದಾದರೆ ತೊಳೆದದ್ದನ್ನೇ ತರಿಸಿ. ಅದರ ಪುಡಿ ಕೂತರೆ ಗ್ರೀನ್ ಸಿಮೆಂಟ್ ನೆಲವಾಗುತ್ತೆ.

ತೀರಾ ಕೈ ಕಟ್ಟಿದ್ದರೆ 'ಬ್ರೌನ್' ಅನ್ನುವುದೂ ಇದೆ. ನಮ್ಮ ದೇಶದ ಸೈನ್ಯದ, ಗಣಿ ಊರುಗಳ ಹಳೆ ಮೈದಾನಗಳಲ್ಲಿ ಹುಲ್ಲಿನ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳಿನ ಚಪ್ಪಟೆ ಕಣ ಇರುತ್ತಿತ್ತು. ಆಟಗಾರ ಬಂದ ಮೇಲೆ ಹುಡುಗನೊಬ್ಬ ಚೀಲವನ್ನೋ ಹಲಗೆಯನ್ನೋ ಎಳೆದು ಚೆಂಡಿನಿಂದ ಕುಳಿಯ ತನಕ ದಾರಿ ಸಮ ಮಾಡಿಕೊಡುತ್ತಿದ್ದ. ನೀರಿನ ಖರ್ಚು ಸೊನ್ನೆ. ಆದರೆ ಈಗ ದುಡ್ಡು ಕೊಟ್ಟು ಬರುವವರು ಇದಕ್ಕೆ ಎರಡನೇ ಸಲ ಬರಲ್ಲ. ಎಣ್ಣೆ ಮಣ್ಣಿಗೆ ಇಳಿಯುವುದೂ ಒಳ್ಳೆಯದಲ್ಲ. ಒಂಬತ್ತು ಹುಲ್ಲಿನ ಗ್ರೀನ್ ಸಾಕುವ ಶಕ್ತಿ ಇಲ್ಲದಿದ್ದರೆ ಆರು ಮಾಡಿ, ಬ್ರೌನ್ ಬೇಡ.

ಕ್ಲಬ್‌ಹೌಸ್ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲ ಐದು ವರ್ಷ ಕಟ್ಟಬೇಡಿ. ಒಂದು ಶೆಡ್, ಶುಚಿಯಾದ ಶೌಚಾಲಯ, ನೆರಳು, ಕಾಫಿ, ಬಿಸಿ ತಟ್ಟೆ ಇಡ್ಲಿ. ಅಮೆರಿಕದ ಟೆನೆಸ್ಸಿಯಲ್ಲಿ ಸ್ವೀಟನ್ಸ್ ಕೋವ್ ಅಂತ 9 ಹೋಲಿನ ಮೈದಾನ ಇದೆ. ಹಳೆಯ ಸಪ್ಪೆ ಮೈದಾನವನ್ನು ರಾಬ್ ಕಾಲಿನ್ಸ್ ಮತ್ತು ಟ್ಯಾಡ್ ಕಿಂಗ್ ಮತ್ತೆ ಕಟ್ಟಿದ್ದು. ಬಹಳ ಕಾಲ ಅಲ್ಲಿ ಕ್ಲಬ್‌ಹೌಸ್ ಅಂದರೆ ಒಂದು ಪುಟ್ಟ ಮರದ ಗೂಡು. ದೇಶದ ಮೂಲೆಮೂಲೆಯಿಂದ ಜನ ಬಂದು ಇಡೀ ದಿನದ ಪಾಸ್ ತಗೊಂಡು ಅದೇ ಒಂಬತ್ತು ಹೋಲ್‌ಗಳನ್ನು ಸುತ್ತಿ ಸುತ್ತಿ ಆಡುತ್ತಾರೆ. ಅವರು ಬರೋದು ಗ್ರೀನ್‌ಗಳಿಗಾಗಿ, ಸೋಫಾಗಾಗಿ ಅಲ್ಲ.

9 ಹೋಲ್ ಅಂದರೆ ಅರೆಬರೆ ಆಟ ಅನ್ನುವವರಿಗೆ ಇನ್ನೊಂದು ಉದಾಹರಣೆ. ಫ್ಲೋರಿಡಾದ ವಿಂಟರ್ ಪಾರ್ಕ್ ಊರಿನ ಆಡಳಿತ ತನ್ನ ಹಳೆಯ 9 ಹೋಲಿನ ಮೈದಾನವನ್ನು 2016ರಲ್ಲಿ ಸುಮಾರು 12 ಲಕ್ಷ ಡಾಲರಿನಲ್ಲಿ ಹೊಸದಾಗಿ ಮಾಡಿಸಿತು. ಆಗಿನ ಲೆಕ್ಕದಲ್ಲಿ 8 ಕೋಟಿ ರೂಪಾಯಿ. ಅಮೆರಿಕದ ಕೂಲಿ ದರದಲ್ಲಿ ಇದು ತುಂಬಾ ಅಗ್ಗ. ಊರ ನಡುವೆಯೇ ಇದೆ, ಬೀದಿಗಳು ಪಕ್ಕದಲ್ಲೇ ಹಾದು ಹೋಗುತ್ತವೆ, ಕೆಲಸ ಮುಗಿಸಿ ಸಂಜೆ ಎರಡು ಗಂಟೆ ಆಡಿ ಮನೆಗೆ ಹೋಗಬಹುದು. ಬಿಡುವಿಲ್ಲದೆ ನಡೆಯುತ್ತಿದೆ. ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ಹೇಳುವ ಅಂಕಿ, ಅದರ ಚಿಂತೆಯೂ ಬೇಡ. 2020ರಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಇದೆ, 9 ಹೋಲಿನ ಸ್ಕೋರೂ ನಡೆಯುತ್ತೆ. 2024ರ ತಿದ್ದುಪಡಿಯಿಂದ 750 ಗಜದ ಪುಟ್ಟ 9 ಹೋಲಿಗೂ ಮಾನ್ಯತೆ ಸಿಗಬಹುದು.

ನಿಮ್ಮ ವಿನ್ಯಾಸಗಾರರಿಗೆ ಒಂದು ಮಾತು ಹೇಳಿ: ಎರಡೂ ದಿಕ್ಕಿನಲ್ಲಿ ಆಡುವ ಹಾಗೆ ಬರೆದುಕೊಡಲಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸನ್ನು ಹಿಂದೆ ಉಲ್ಟಾ ದಿಕ್ಕಿನಲ್ಲೂ ಆಡುತ್ತಿದ್ದರು. ಅಮೆರಿಕದ ಮಿಷಿಗನ್‌ನಲ್ಲಿ ವಿನ್ಯಾಸಗಾರ ಟಾಮ್ ಡೋಕ್ 2016ರಲ್ಲಿ ಮಾಡಿದ 'ದಿ ಲೂಪ್' ಒಂದು ದಿನ ಒಂದು ದಿಕ್ಕು, ಮರುದಿನ ಇನ್ನೊಂದು ದಿಕ್ಕು. ಅದೇ ಹುಲ್ಲು, ಅದೇ ನೀರು, ಎರಡು ಮೈದಾನ. ಗ್ರೀನ್‌ಗಳು ಎರಡು ಕಡೆಯಿಂದಲೂ ಚೆಂಡು ತಗೊಳ್ಳುವ ಹಾಗಿರಬೇಕು, ಅಷ್ಟೇ ಕಷ್ಟ. ಆದರೆ ಒಂದೇ ದಿನ ಎರಡು ದಿಕ್ಕಿಗೂ ಬಿಟ್ಟೀರಿ, ಹುಷಾರು, ತಲೆ ಒಡೆಯುತ್ತೆ.

ಆರು ಎಕರೆ ಬಿಟ್ಟು ಮಿಕ್ಕ ಒರಟು ಹುಲ್ಲನ್ನು ಏನು ಮಾಡೋದು? ಶಿರಾ ಸೀಮೆಯಲ್ಲಿ ಕುರಿಗೆ ಬರವೇ! ಸ್ಕಾಟ್ಲೆಂಡಿನ ಬ್ರೋರಾ ಮೈದಾನ ಹೆಸರಾಗಿದ್ದೇ ಕುರಿ, ದನಗಳಿಂದ. ಅವು ಫೇರ್‌ವೇ ಮೇಲೆ ಮೇಯುತ್ತವೆ, ಗ್ರೀನ್ ಸುತ್ತ ಮಾತ್ರ ಸಣ್ಣ ವಿದ್ಯುತ್ ತಂತಿ. ಅಲ್ಲೇ ದೂರದ ಸೌತ್ ಯೂಯಿಸ್ಟ್ ದ್ವೀಪದಲ್ಲಿ ಆಸ್ಕರ್ನಿಶ್ ಅಂತ ಮೈದಾನ. 1891ರಲ್ಲಿ ಹಳೆಯ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಗುರುತು ಹಾಕಿಕೊಟ್ಟದ್ದು ಕಾಲಕ್ರಮೇಣ ಕಳೆದೇ ಹೋಗಿತ್ತು. 2008ರಲ್ಲಿ ಊರಿನವರೇ ಅದನ್ನು ಮತ್ತೆ ತೆರೆದರು. ಚಳಿಗಾಲದಲ್ಲಿ ಅಲ್ಲಿ ದನಕುರಿ ಮೇಯುತ್ತವೆ. ನೀವೂ ಊರಿನ ಕುರಿಗಾರರ ಜೊತೆ ಮಾತಾಡಿ. ವಾರದ ದಿನ ಮಧ್ಯಾಹ್ನ ಆಟ ಇರಲ್ಲ, ಆಗ ಮೇಯಿಸಿಕೊಳ್ಳಲಿ. ಅವರಿಗೆ ಮೇವು, ನಿಮಗೆ ಡೀಸೆಲ್ ಉಳಿತಾಯ. ಸುತ್ತ ಗೋಡೆ ಹಾಕಿದ ಮೈದಾನಕ್ಕೆ ಸಿಗದ ಊರಿನ ವಿಶ್ವಾಸವೂ ಸಿಗುತ್ತೆ.

ಈಗ ನೀವು ಕೇಳಿದ ಠೇವಣಿ. ದಯವಿಟ್ಟು ಬೇಡ. ಜಪಾನಿನಲ್ಲಿ 1980ರ ದಶಕದಲ್ಲಿ ನೂರಾರು ಮೈದಾನಗಳು ಹೀಗೇ ಎದ್ದವು. ಸದಸ್ಯರಿಂದ ದೊಡ್ಡ ಠೇವಣಿ, ಸಾಮಾನ್ಯವಾಗಿ ಹತ್ತು ವರ್ಷದ ಮೇಲೆ ಕೇಳಿದರೆ ವಾಪಸ್. ದುಡ್ಡು ಕಟ್ಟಡಕ್ಕೂ ಮಣ್ಣಿಗೂ ಹೋಯಿತು. 90ರ ದಶಕದ ಶುರುವಿನಲ್ಲಿ ಆರ್ಥಿಕ ಗುಳ್ಳೆ ಒಡೆಯಿತು, ಸದಸ್ಯತ್ವದ ಬೆಲೆ ಬಿತ್ತು, ಎಲ್ಲರೂ ಒಟ್ಟಿಗೆ ಠೇವಣಿ ವಾಪಸ್ ಕೇಳಿದರು. ನೂರಾರು ಕ್ಲಬ್ ದಿವಾಳಿಯಾದವು. ಅಮೆರಿಕದ ಹೂಡಿಕೆ ಕಂಪನಿಗಳಾದ ಗೋಲ್ಡ್‌ಮನ್ ಸ್ಯಾಕ್ಸ್, ಲೋನ್ ಸ್ಟಾರ್ ಅಗ್ಗಕ್ಕೆ ಸಿಕ್ಕ ಮೈದಾನಗಳನ್ನು ಬಾಚಿಕೊಂಡವು. ಠೇವಣಿ ಆದಾಯ ಅಲ್ಲ, ಬಡ್ಡಿ ಕಾಣದ ಸಾಲ.

ವಿಲ್ಲಾ ಕಥೆಯನ್ನು ಅಮೆರಿಕ ತೋರಿಸಿದೆ. ದಿನಕ್ಕೊಂದು ಮೈದಾನ ತೆರೆಯಬೇಕು ಅಂತ 1988ರಲ್ಲಿ ಅಲ್ಲಿನ ಗಾಲ್ಫ್ ಉದ್ಯಮದವರು ಹೇಳಿದ್ದರು, ಮುಂದಿನ ದಶಕದಲ್ಲಿ ಹೆಚ್ಚುಕಮ್ಮಿ ಹಾಗೇ ತೆರೆದರು. ಅದರಲ್ಲಿ ಬಹಳಷ್ಟು ಮನೆ ಮಾರಲು ಕಟ್ಟಿದ ಮೈದಾನ. ಮನೆ ಮಾರಿದ ಮೇಲೆ ಬಿಲ್ಡರ್ ಹೋದ, ಹುಲ್ಲಿನ ಖರ್ಚು ಉಳಿಯಿತು. 2006ರಿಂದ ವರ್ಷಾನುಗಟ್ಟಲೆ ತೆರೆದದ್ದಕ್ಕಿಂತ ಮುಚ್ಚಿದ್ದೇ ಜಾಸ್ತಿ. ಬಿಲ್ಡರ್‌ಗೆ ಗಾಲ್ಫ್ ಒಂದು ಜಾಹೀರಾತು. ನಿಮಗೆ ಅದೇ ಕಸುಬು. ಒಂದೇ ನಕ್ಷೆ ಇಬ್ಬರಿಗೂ ಆಗಲ್ಲ.

ಹಾಗಾದರೆ ದುಡ್ಡು? ದಿನಾ ಬಂದು ಆಡುವವರಿಂದ ಬರಬೇಕು. ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) 2000ದಲ್ಲಿ ಲಾಡೋ ಸರಾಯ್‌ನಲ್ಲಿ ಕುತುಬ್ ಗಾಲ್ಫ್ ಕೋರ್ಸ್ ತೆರೆದಾಗ ಅದು ದೇಶದ ಮೊದಲ ಸಾರ್ವಜನಿಕ ಮೈದಾನ. ಸದಸ್ಯತ್ವ ಇಲ್ಲದೆ ಶುಲ್ಕ ಕೊಟ್ಟು ಆಡಿ ಹೋಗಬಹುದು. ಕರ್ನಾಟಕದಲ್ಲಿ ಈ ಜಾಗ ಇನ್ನೂ ಖಾಲಿ ಅಂತಲೇ ಹೇಳಬೇಕು.

ಒಂದು ಅಂದಾಜು ಬರೆಯುತ್ತೇನೆ, ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ತಿದ್ದಿಕೊಳ್ಳಿ. ಹತ್ತು ಜನ ಮಾಲಿಗಳಿಗೆ ತಲಾ 20,000, ಅಂದರೆ 2 ಲಕ್ಷ. ಹುಲ್ಲು ಬಲ್ಲ ಒಬ್ಬ ಮೇಲ್ವಿಚಾರಕರಿಗೆ 60,000. ಕರೆಂಟ್, ಡೀಸೆಲ್ 80,000. ಗೊಬ್ಬರ, ಮರಳು, ಔಷಧಿ 60,000. ಯಂತ್ರದ ರಿಪೇರಿ ಮತ್ತು ಮುಂದೆ ಹೊಸದು ಕೊಳ್ಳಲು ಎತ್ತಿಡುವುದು 1 ಲಕ್ಷ. ಕೌಂಟರ್, ಕಾವಲು, ಲೆಕ್ಕಪತ್ರ 1 ಲಕ್ಷ. ತಿಂಗಳಿಗೆ 6 ಲಕ್ಷ. ಈಗ ಆದಾಯ. ರೇಂಜ್‌ನಲ್ಲಿ ದಿನಕ್ಕೆ 25 ಜನ, ಒಂದು ಬುಟ್ಟಿ ಚೆಂಡಿಗೆ 200 ರೂಪಾಯಿ, ತಿಂಗಳಿಗೆ ಒಂದೂವರೆ ಲಕ್ಷ. 9 ಹೋಲಿಗೆ ವಾರದ ದಿನ 500, ಶನಿವಾರ ಭಾನುವಾರ 900. ವಾರದ ದಿನ 15 ಜನ, ವಾರಾಂತ್ಯದಲ್ಲಿ ದಿನಕ್ಕೆ 40 ಜನ ಬಂದರೆ ಸುಮಾರು ನಾಲ್ಕೂವರೆ ಲಕ್ಷ. ಅಲ್ಲಿಗೆ ಸರಿಸಮ. ತೆರಿಗೆ ಬೇರೆ.

ಇದರಲ್ಲಿ ಒಂದು ಸಾಲು ಬೇಕಂತಲೇ ಬಿಟ್ಟಿದ್ದೇನೆ: ಬಡ್ಡಿ. 5 ಕೋಟಿ ಸಾಲ ತಂದು ನೂರಕ್ಕೆ ಹತ್ತರ ಬಡ್ಡಿ ಕಟ್ಟಿದರೆ ತಿಂಗಳಿಗೆ ನಾಲ್ಕು ಲಕ್ಷದ ಮೇಲೆ. ಇಡೀ ಮೈದಾನದ ಆಟದ ದುಡ್ಡು ಬ್ಯಾಂಕಿಗೇ ಹೋಯಿತು. ಜಮೀನು ನಿಮ್ಮದೇ ಆಗಿರುವುದು ದೊಡ್ಡ ಪುಣ್ಯ. ಆ ಅನುಕೂಲವನ್ನು ಸಾಲ ಮಾಡಿ ಕಳೆದುಕೊಳ್ಳಬೇಡಿ.

ವಾರಾಂತ್ಯಕ್ಕೆ 40 ಜನ ಎಲ್ಲಿಂದ ಬರುತ್ತಾರೆ ಅನ್ನೋದು ನಿಜವಾದ ಪ್ರಶ್ನೆ. ಬೆಂಗಳೂರಿನವರನ್ನು ನೆಚ್ಚಿಕೊಳ್ಳಬೇಡಿ, ನೆಲಮಂಗಲ ದಾಟೋದೇ ಅವರಿಗೆ ಒಂದು ಪ್ರಯಾಣ. ಹತ್ತಿರದ ವಸಂತನರಸಾಪುರ ಕೈಗಾರಿಕಾ ಪ್ರದೇಶ ನೋಡಿ. ಜಪಾನೀ ಕೈಗಾರಿಕಾ ಟೌನ್‌ಶಿಪ್‌ಗೆ ಜಾಗ ಗುರುತಿಸಿದ್ದು ಅಲ್ಲೇ. ಜಪಾನಿನವರಿಗೆ, ಕೊರಿಯಾದವರಿಗೆ ಗಾಲ್ಫ್ ಹುಚ್ಚು ಎಷ್ಟು ಅಂತ ಬಿಡದಿ, ನರಸಾಪುರ ಕಡೆಯವರನ್ನು ಕೇಳಿ. ಕಂಪನಿಗಳ ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗಿ, ಅವರ ನೌಕರರಿಗೆ ವರ್ಷದ ಪಾಸ್ ಕೊಂಡು ಕೊಡ್ತೀರಾ ಅಂತ ಮೈದಾನ ಕಟ್ಟುವ ಮೊದಲೇ ಮಾತಾಡಿ. ಅಲ್ಲಿಂದ ಬರುವ ಉತ್ತರದ ಮೇಲೆ ಆರು ಹೋಲೋ ಒಂಬತ್ತೋ ತೀರ್ಮಾನಿಸಿ. ತುಮಕೂರಿನ ಶಾಲೆ, ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೆ ವಾರದ ದಿನ 100 ರೂಪಾಯಿಗೆ ರೇಂಜ್ ಬಿಡಿ. ಖಾಲಿ ಇರುವ ಹೊತ್ತು ಅದು, ನಿಮಗೆ ಹೋಗುವುದೇನೂ ಇಲ್ಲ.

ಊರಿನ ಹುಡುಗರನ್ನೂ ಹೊರಗಿಡಬೇಡಿ. 2009ರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಒಂದು ಕಾಲದಲ್ಲಿ ಕ್ಯಾಡಿ, ಅಂದರೆ ಆಟಗಾರರ ಕೋಲಿನ ಚೀಲ ಹೊರುವವರು. ವೃತ್ತಿಪರ ಆಟಗಾರ ಎಸ್. ಚಿಕ್ಕರಂಗಪ್ಪ ಬಂದಿದ್ದು ಬಿಡದಿ ಹತ್ತಿರದ ಹಳ್ಳಿಯಿಂದ. ಸೋಮವಾರ ಬೆಳಿಗ್ಗೆ ಕ್ಯಾಡಿಗಳಿಗೆ, ಮಾಲಿಗಳಿಗೆ ಪುಕ್ಕಟೆ ಆಟ ಅಂತ ಮೊದಲ ದಿನವೇ ಬೋರ್ಡ್ ಹಾಕಿ. ತಾನೂ ಆಡುವ ಮಾಲಿ ಗ್ರೀನ್ ನೋಡಿಕೊಳ್ಳುವ ರೀತಿಯೇ ಬೇರೆ.

ಯಂತ್ರಗಳ ಬಗ್ಗೆ ಎರಡು ಮಾತು. ಗ್ರೀನ್ ಕತ್ತರಿಸುವ ಸಿಲಿಂಡರ್ ಮಶೀನ್ ದುಬಾರಿ, ಹಳೆಯದು ಕೊಂಡರೆ ತಪ್ಪಿಲ್ಲ. ಕೊಳ್ಳುವಾಗ ದಿನಪತ್ರಿಕೆಯ ಒಂದು ಚೂರು ಹರಿದು ಬ್ಲೇಡಿನ ನಡುವೆ ಹಿಡಿದು ಸಿಲಿಂಡರನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಕಾಗದ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಚಕ್ ಅಂತ ತುಂಡಾಗಬೇಕು. ಎಲ್ಲಾದರೂ ಮಡಚಿಕೊಂಡರೆ ಅಲ್ಲಿ ಹುಲ್ಲೂ ಹರಿಯುತ್ತೆ, ಕತ್ತರಿಸಲ್ಲ. ಹರಿದ ಹುಲ್ಲಿಗೆ ರೋಗ ಬೇಗ. ಮಾಲಿಗೆ ಈ ಪರೀಕ್ಷೆ ದಿನಾ ಬೆಳಿಗ್ಗೆ ಅಭ್ಯಾಸ ಮಾಡಿಸಿದರೆ ಔಷಧಿ ಖರ್ಚು ಎಷ್ಟೋ ಉಳಿಯುತ್ತೆ. ಹಾಗೆಯೇ ಇಬ್ಬನಿ ಬಿದ್ದ ದಿನ ಉದ್ದನೆ ಬಿದಿರು ಗಳುವಿನಿಂದ ಗ್ರೀನ್ ಸವರಿ ನೀರು ಉದುರಿಸುವುದು. ನಮ್ಮ ಹಳೆ ಮಾಲಿಗಳು ಮಾಡುತ್ತಿದ್ದದ್ದು, ಇದಕ್ಕಿಂತ ಅಗ್ಗದ ರೋಗ ನಿರೋಧಕ ಇಲ್ಲ. ಗ್ರೀನಿಗೆ ಹಾಕುವ ಹೈಬ್ರಿಡ್ ಗರಿಕೆ ಬೀಜ ಕಟ್ಟಲ್ಲ, ಬಳ್ಳಿ ತುಂಡು ನೆಟ್ಟೇ ಬೆಳೆಸಬೇಕು. ಒಂದಷ್ಟು ತಂದು ಹೊಂಡದ ಪಕ್ಕ ಕಾಲು ಎಕರೆ ನರ್ಸರಿ ಮಾಡಿ. ಒಂಬತ್ತು ಗ್ರೀನಿಗೂ ಕೊಳ್ಳುವ ಪ್ರಮೇಯ ಬರಲ್ಲ.

ಕಾಗದಪತ್ರ. ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದಮೇಲೆ ಕೃಷಿ ಜಮೀನು ಕೊಳ್ಳೋದು ಸುಲಭವಾಗಿದೆ, ಆದರೆ ಕೃಷಿಯೇತರ ಬಳಕೆಗೆ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಪರಿವರ್ತನೆ ಬೇಕೇ ಬೇಕು. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ನೋಡಿ. 'ಬಿ' ಖರಾಬು ಅಂದರೆ ಹಳ್ಳ, ಬಂಡಿದಾರಿ, ಸಾರ್ವಜನಿಕರದ್ದು. ಗ್ರಾಮ ನಕ್ಷೆ ತರಿಸಿ ಹಳ್ಳ, ದಾರಿ ಎಲ್ಲೆಲ್ಲಿ ಹಾದುಹೋಗುತ್ತೆ ಗುರುತು ಮಾಡಿ, ಅದರ ಮೇಲೆ ಗ್ರೀನ್ ಬರದ ಹಾಗೆ ನೋಡಿಕೊಳ್ಳಿ. ಪೋಡಿ, ಅಂದರೆ ಅಳತೆ ಮಾಡಿ ಹಿಸ್ಸೆ ಬೇರೆ ಮಾಡುವುದು, ಆಗಿಲ್ಲದಿದ್ದರೆ ಮೊದಲು ಅದು. ನಾಲ್ವರ ನಡುವೆ ಬರವಣಿಗೆಯ ಒಪ್ಪಂದ ಇರಲಿ, ಸ್ನೇಹ ಎಷ್ಟೇ ಗಟ್ಟಿ ಇದ್ದರೂ. ಒಬ್ಬರ ಮಗ ನಾಳೆ ತನ್ನ 15 ಎಕರೆ ಬೇಕು ಅಂದರೆ ಐದನೇ ಹೋಲಿನ ಮಧ್ಯೆ ಬೇಲಿ ಬೀಳುತ್ತೆ.

ಕೆಲಸವನ್ನು ಹೀಗೆ ಬಿಡಿಸಿಕೊಳ್ಳಿ. ಬರುವ ಮಳೆಗಾಲದಲ್ಲಿ ಏನೂ ಕಟ್ಟಬೇಡಿ, ಜೋರು ಮಳೆ ಬಂದಾಗ ಛತ್ರಿ ಹಿಡಿದು ಜಾಗ ಸುತ್ತಿ. ನೀರು ಎಲ್ಲಿ ಹರಿಯುತ್ತೆ, ಎಲ್ಲಿ ನಿಲ್ಲುತ್ತೆ, ಗೂಟ ಹೊಡೆದು ಗುರುತು ಮಾಡಿ. ಹೊಂಡದ ಜಾಗ ಅದೇ ಹೇಳುತ್ತೆ. ಮುಂದಿನ ಬೇಸಿಗೆಯಲ್ಲಿ ಹೊಂಡ ಮತ್ತು ನರ್ಸರಿ. ಅದರ ನಂತರ ಹೆದ್ದಾರಿಗೆ ಹತ್ತಿರದ ಎಂಟು ಹತ್ತು ಎಕರೆಯಲ್ಲಿ ರೇಂಜ್, ಚೆಂಡು ಹೆದ್ದಾರಿಗೆ ಬೆನ್ನು ಹಾಕಿ ಹೋಗುವ ಹಾಗೆ, ಜೊತೆಗೆ ಅಭ್ಯಾಸದ ಗ್ರೀನ್ ಮತ್ತು ಮೂರು ಹೋಲ್. ಇಷ್ಟಾದರೆ ಬಾಗಿಲು ತೆಗೆಯಿರಿ. ವರ್ಷ ಪೂರ್ತಿ ದಿನಕ್ಕೆ ಎಷ್ಟು ಜನ ಬಂದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ರೇಂಜ್‌ಗೆ ದಿನಕ್ಕೆ 25 ಜನ ದಾಟಿದರೆ ಆರು ಹೋಲ್, ಮೂರು ಹೋಲಿಗೆ ಭಾನುವಾರ ಸಾಲು ನಿಂತರೆ ಒಂಬತ್ತು. ದಾಟದಿದ್ದರೆ ಅಲ್ಲಿಗೇ ನಿಲ್ಲಿಸಿ. ಮಿಕ್ಕ ಜಾಗ ಹಾಗೇ ಇರುತ್ತೆ, ಹುಣಸೆ ಫಸಲೂ ಬರುತ್ತೆ.

ಗುಂಡಿ ಪರೀಕ್ಷೆ ಮಾಡಿದ ಮೇಲೆ ಗ್ರಾಮ ನಕ್ಷೆಯ ಪ್ರತಿಯಲ್ಲಿ ಬಂಡೆ, ಬೋರ್‌ವೆಲ್, ನೀರು ನಿಂತ ಜಾಗ ಗುರುತು ಹಾಕಿ ಕಳಿಸಿ. ಮೊದಲ ಮೂರು ಹೋಲ್ ಎಲ್ಲಿ ಕೂರುತ್ತವೆ ಅಂತ ನೋಡಿ ಬರೆಯುತ್ತೇನೆ.